ಹೊರಡುವಾಗ ಅಡ್ಡ ಬರುವವರು

ಬೆಳಗ್ಗೆ ನಾನು ಲ್ಯಾಪ್‌ಟಾಪ್ ತೆರೆಯುವುದನ್ನು ನೋಡಲೆಂದೇ ನನ್ನ ಮಗಳು ಹಾಲಿನ ಲೋಟ ಹಿಡಿದು ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ. ಪರದೆ ಬೆಳಗುತ್ತದೆ. ಇನ್ನೇನು ಕೆಲಸಕ್ಕೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಬಲಗಡೆಯ ಮೂಲೆಯಿಂದ ಒಂದು ಚೌಕ ಮೇಲೆದ್ದು ಬಂದು, ಬ್ಯಾಟರಿಯ ಆರೋಗ್ಯ ನೋಡಿಕೊಂಡಿರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ನಾನು "ನೋಡ್ಕೊಂಡಿದೀನಮ್ಮ" ಎನ್ನುತ್ತೇನೆ. ಆಮೇಲೆ ಇನ್ನೊಂದು ಚೌಕ ಬಂದು, ನಿಮ್ಮ ಯಂತ್ರವನ್ನು ನಮ್ಮಲ್ಲಿ ನೋಂದಾಯಿಸಿಲ್ಲವಲ್ಲ ಎಂದು ಆಕ್ಷೇಪಿಸುತ್ತದೆ. "ಮಾಡ್ತೀನಮ್ಮ, ಬಂದ್ಮೇಲೆ ಮಾಡ್ತೀನಿ" ಎನ್ನುತ್ತೇನೆ. ಮಗಳಿಗೆ ನಗು ತಡೆಯಲಾಗುವುದಿಲ್ಲ.

"ಅಪ್ಪಾ, ಇವೆಲ್ಲ ಶುರುವಾಗದ ಹಾಗೆ ಮಾಡ್ಬೋದು. ನಮ್ ಕಂಪ್ಯೂಟರ್ ಮಿಸ್ ಹೇಳ್ಕೊಟ್ಟಿದಾರೆ. ನಾನ್ ಮಾಡ್ಲಾ?"

ಬೇಡ ಎನ್ನುತ್ತೇನೆ. ಅದು ಹೇಗೆಂದು ನನಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಾಳೆ. ಗೊತ್ತಿಲ್ಲದೆ ಏನು? ಅವಳು ಹುಟ್ಟುವುದಕ್ಕೂ ಮೊದಲೇ ನಾನು ಆ ವಿದ್ಯೆ ಕಲಿತು, ಪ್ರಯೋಗಿಸಿ, ಅದರ ಫಲವನ್ನೂ ಉಂಡವನು.

ಆಗ ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಯಂತ್ರದ ಬಿಡಿಭಾಗಗಳ ಅಳತೆ ನೋಡುವ ಗೇಜುಗಳನ್ನು ತಯಾರಿಸುವ ಕಂಪನಿ. ಅವನ್ನು ಮಾರುವುದು ನನ್ನ ಕೆಲಸ. ಅಲ್ಲಿಯ ತನಕ ಗೇಜುಗಳನ್ನು ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದವನ ಕೈಗೆ ಒಂದು ದಿನ ನಮ್ಮ ಯಜಮಾನರು ಲ್ಯಾಪ್‌ಟಾಪ್ ಕೊಟ್ಟು, "ಇನ್ಮೇಲೆ ಗೋಡೆ ಮೇಲೆ ಚಿತ್ರ ಬಿಟ್ಟು ತೋರಿಸ್ಬೇಕು ಕಣ್ರೀ, ಕಾಲ ಬದಲಾಗಿದೆ" ಎಂದರು. ನಾನು ಅದನ್ನು ಎದೆಗವುಚಿಕೊಂಡು ಮನೆಗೆ ತಂದು, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ ಗುಂಡಿ ಒತ್ತಿದೆ.

ಒತ್ತಿದ ಮೇಲೆ ಒಂದು ಕಾಫಿ ಕುಡಿದು ಬರಬಹುದಾಗಿತ್ತು. ಯಂತ್ರ ನಿಧಾನ ಎಂದಲ್ಲ. ಅದರೊಳಗೆ ಅದನ್ನು ತಯಾರಿಸಿದವರೇ ಇಟ್ಟು ಕಳಿಸಿದ್ದ ಐದಾರು ಮಂದಿ ಇದ್ದರು. ಒಬ್ಬ ಸ್ವಾಗತ ಕೋರುವವನು, ಒಬ್ಬ ಬ್ಯಾಟರಿ ವಿಚಾರಿಸುವವನು, ಒಬ್ಬ ಹೆಸರು ಬರೆಸಿಕೊಳ್ಳುವವನು. ಇನ್ನೊಬ್ಬ, ಎಲ್ಲವನ್ನೂ ಸಿ.ಡಿ.ಗೆ ನಕಲು ಮಾಡಿಟ್ಟುಕೋ, ನಾಳೆ ಏನಾದರೂ ಆದರೆ ನನ್ನನ್ನು ದೂರಬೇಡ ಎನ್ನುವವನು. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಎರಚಿ ಕಲ್ಲುಸಕ್ಕರೆ ಕೊಡುತ್ತಾರಲ್ಲ, ಚೆಂದವೇ. ಆದರೆ ದಿನಾ ಬೆಳಗ್ಗೆ ನಮ್ಮ ಮನೆಯ ಬಾಗಿಲಲ್ಲೇ ಎರಚಿದರೆ?

ನಾವು ಬಾಡಿಗೆಗಿದ್ದ ಬಾಗಲಗುಂಟೆಯ ಮನೆಯೂ ಹೀಗೆಯೇ, ತನ್ನೊಳಗೆ ಒಬ್ಬರನ್ನು ಇಟ್ಟುಕೊಂಡೇ ನಮಗೆ ಸಿಕ್ಕಿತ್ತು. ಓನರಮ್ಮ. ಹೆಸರು ಪುಟ್ಟಗಂಗಮ್ಮ. ಹಿಂದೆ ಅವರದೇ ರಾಗಿ ಹೊಲವಿದ್ದ ಜಾಗದಲ್ಲಿ ಮೂರಂತಸ್ತು ಎದ್ದಿತ್ತು. ಮೇಲೆಲ್ಲ ನಮ್ಮಂಥ ಬಾಡಿಗೆಯವರು, ಕೆಳಗೆ ಅವರೊಬ್ಬರೇ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಗೇಟಿನ ಪಕ್ಕದಲ್ಲಿ ಹಳೇ ಮನೆಯ ಒಂದು ಚಪ್ಪಡಿ ಕಲ್ಲು ಉಳಿದಿತ್ತು. ಬೆಳಗ್ಗೆಯಿಂದ ಅದರ ಮೇಲೆ ಕೂತು ಸೊಪ್ಪು ಸೋಸುತ್ತಲೋ, ಅವರೆಕಾಯಿ ಸುಲಿಯುತ್ತಲೋ ಇರುತ್ತಿದ್ದರು. ನನ್ನ ಹೆಂಡತಿ ಸುಮಾ ಸ್ಕೂಲ್ ಟೀಚರು, ಬೇಗ ಹೊರಟುಬಿಡುತ್ತಿದ್ದಳು. ಮನೆಗೆ ಬೀಗ ಹಾಕುವ ಪಾಳಿ ನನ್ನದು. ನಾನು ಮೆಟ್ಟಿಲಿಳಿದು ಬೈಕಿಗೆ ಕಿಕ್ ಹೊಡೆದೆನೋ ಇಲ್ಲವೋ, ಪುಟ್ಟಗಂಗಮ್ಮನವರೂ ಚಾಲೂ ಆಗುತ್ತಿದ್ದರು.

"ಸತೀಸಾ, ಗ್ಯಾಸ್ ಆಪ್ ಮಾಡಿದ್ಯಾ?"

"ಮಾಡಿದೀನಮ್ಮ."

"ನಲ್ಲಿ ನಿಲ್ಸಿದ್ಯಾ? ಮೊನ್ನೆ ಅಂಗೇ ಬಿಟ್ಟೋಗಿ ಟ್ಯಾಂಕೆಲ್ಲ ಖಾಲಿ."

"ನಿಲ್ಸಿದೀನಮ್ಮ."

"ಬೀಗ ಜಗ್ಗಿ ನೋಡ್ದಾ? ... ದೂರಾನಾ ಇವತ್ತು?"

ಈ ಕೊನೆಯ ಪ್ರಶ್ನೆಯನ್ನು ಗಮನಿಸಬೇಕು. ಎಲ್ಲಿಗೆ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕುತೂಹಲ ತಡೆಯದಿದ್ದರೆ "ದೂರಾನಾ?" ಎನ್ನಬೇಕು. ಆಗ ಹೊರಟವರು ತಾವಾಗಿಯೇ ಹೇಳುತ್ತಾರೆ, ಶಾಸ್ತ್ರಕ್ಕೂ ಭಂಗವಿಲ್ಲ. ಇಷ್ಟು ನಯವಾಗಿ ಕೇಳುವುದು ನಮ್ಮ ಲ್ಯಾಪ್‌ಟಾಪಿನವರಿಗೆ ಯಾರೂ ಕಲಿಸಿರಲಿಲ್ಲ.

ಶಕುನದ ವಿಷಯದಲ್ಲಿ ನಾನು ಒಳ್ಳೆಯ ಶಾಲೆಯಲ್ಲೇ ಓದಿದವನು. ನಮ್ಮೂರು ಶಿರಾದ ಕಡೆ. ಅಲ್ಲಿ ನಮ್ಮಜ್ಜಿ ಶಕುನವನ್ನು ದೇವರ ಮೇಲೆ ಬಿಡುತ್ತಿರಲಿಲ್ಲ, ತಾನೇ ಏರ್ಪಾಡು ಮಾಡುತ್ತಿದ್ದಳು. ನನ್ನ ಪರೀಕ್ಷೆಯ ದಿನ ಎದುರುಮನೆಯ ಜಯಮ್ಮ ತುಂಬಿದ ಕೊಡ ಹೊತ್ತು ಮೂಲೆಯ ಹುಣಸೆಮರದ ಹತ್ತಿರ ಕಾಯಬೇಕು. ನಾನು ಹೊಸಿಲು ದಾಟಿದೊಡನೆ ಅಜ್ಜಿ ಕೆಮ್ಮಬೇಕು. ಕೆಮ್ಮು ಕೇಳಿದ್ದೇ ಜಯಮ್ಮ ಏನೂ ಗೊತ್ತಿಲ್ಲದವಳ ಹಾಗೆ ಎದುರಿಗೆ ನಡೆದು ಬರಬೇಕು. ಒಂದು ಸಲ ಅಜ್ಜಿಗೆ ನಿಜವಾದ ಕೆಮ್ಮು ಬಂದು ಜಯಮ್ಮ ಮೊದಲೇ ಬಂದುಬಿಟ್ಟಳು. ಕೊಡ ಹೊತ್ತುಕೊಂಡು ಅವಳು ವಾಪಸು ಮರದ ಹತ್ತಿರ ಹೋದಳು. ನನ್ನನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಮತ್ತೆ ಹೊರಡಿಸಿದರು. ಈ ಎಲ್ಲ ಗಡಿಬಿಡಿಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟ ಸಾವಿತ್ರತ್ತೆ ಮಾತ್ರ ಕಾಣುತ್ತಿರಲಿಲ್ಲ. ನಮ್ಮಪ್ಪನ ತಂಗಿ, ನಮ್ಮ ಜೊತೆಗೇ ಇದ್ದಳು. ನಾನು ಹೊರಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಹಿತ್ತಲಲ್ಲಿ ಏನಾದರೊಂದು ಕೆಲಸವಿರುತ್ತಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಲ್ಯಾಪ್‌ಟಾಪಿನ ಐದಾರು ಮಂದಿಯ ಬಾಯಿ ಮುಚ್ಚಿಸುವ ಮಂತ್ರ ಹೇಳಿಕೊಟ್ಟವನು ನಮ್ಮ ಆಫೀಸಿನ ನಾಗೇಶ. ಅಕೌಂಟ್ಸಿನವನು, ಆದರೆ ಪ್ರಿಂಟರಿನಿಂದ ಫ್ಯಾನಿನ ತನಕ ಎಲ್ಲದಕ್ಕೂ ಅವನನ್ನೇ ಕರೆಯುತ್ತಿದ್ದೆವು.

"ಗುರು, ಇದನ್ನೆಲ್ಲ ಕಿತ್ತಾಕೋದು ಬೇಡ. ಇಲ್ಲಿ ಬಾ. ರನ್ ಅನ್ನು, ಎಮ್ಮೆಸ್ ಕಾನ್ಫಿಗ್ ಅಂತ ಹೊಡಿ, ಸ್ಟಾರ್ಟಪ್ ಒತ್ತು. ನೋಡು, ಬೆಳಗ್ಗೆ ಎದ್ದು ಬರೋರ ಹಾಜರಿ ಪಟ್ಟಿ. ಬೇಡ ಅನ್ಸಿದವರ ಮುಂದಿರೋ ಟಿಕ್ ತೆಗಿ. ಮನೇಲೇ ಇರ್ತಾರೆ, ಕರೆದ್ರೆ ಬರ್ತಾರೆ, ಅವ್ರಾಗೇ ಬರಲ್ಲ."

ಅಷ್ಟು ಹೇಳಿ ಅವನು ಟೀ ಕುಡಿಯಲು ಹೋದ. ಹಾಜರಿ ಪಟ್ಟಿಯಲ್ಲಿದ್ದ ಅರ್ಧ ಹೆಸರು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ ಮೇಲೆ ಇರುವುದೇಕೆ ಎಂದು, ಲ್ಯಾಪ್‌ಟಾಪ್ ತಯಾರಿಸಿದವರ ಹೆಸರು ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಟಿಕ್ ತೆಗೆಯುತ್ತ ಹೋದೆ. ಕಳೆ ಕೀಳುವಾಗ ಸಿಗುವ ಸುಖ ಅದು. ಆರಿಸಿ ಹಚ್ಚಿದೆ. ಯಾರೂ ಬರಲಿಲ್ಲ. ಒಂದೇ ಒಂದು ಚೌಕ ಬಂದು, ನೀವು ಹೊರಡುವ ಕ್ರಮವನ್ನು ಬದಲಾಯಿಸಿದ್ದೀರಿ ಎಂದು ಹೇಳಿತು. ಇನ್ನು ಮುಂದೆ ಇದನ್ನೂ ಹೇಳಬೇಡ ಎಂದು ಅದಕ್ಕೂ ಹೇಳಿದೆ. ಎಂಥಾ ನಿಶ್ಶಬ್ದ!

ಗೆದ್ದವನಿಗೆ ಮದ ಏರುತ್ತದೆ. ಪುಟ್ಟಗಂಗಮ್ಮನವರಿಗೂ ಒಂದು ಟಿಕ್ ತೆಗೆದರೆ ಹೇಗೆ ಎಂದು ಯೋಚಿಸಿದೆ. ಅವರು ಚಾಲೂ ಆಗುತ್ತಿದ್ದುದು ಕಿಕ್ಕಿನ ಸದ್ದಿಗೆ ತಾನೆ? ಮಾರನೆಯ ದಿನದಿಂದ ಅವರು ಒಳಗೆ ಹೋದ ಸಮಯ ನೋಡಿ ಬೈಕನ್ನು ಸದ್ದಿಲ್ಲದೆ ತಳ್ಳಿಕೊಂಡು, ಮೂಲೆಯ ಬೇಕರಿ ದಾಟಿದ ಮೇಲೆ ಕಿಕ್ ಹೊಡೆಯತೊಡಗಿದೆ. ಬೇಕರಿಯವನು "ಯಾಕ್ ಸಾರ್, ಪೆಟ್ರೋಲಿಲ್ವಾ?" ಎಂದು ಕೇಳಿದ. ಈ ಪರಾಕ್ರಮವನ್ನು ಪುಟ್ಟಗಂಗಮ್ಮ ಕಿಟಕಿಯಿಂದ ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

ಆಗ ಬಂತು ಹೂಡಿಯ ಡೆಮೊ. ಪೀಣ್ಯದ ಸುತ್ತ ಅಲೆದುಕೊಂಡಿದ್ದ ನಮಗೆ ಊರಿನ ಇನ್ನೊಂದು ತುದಿಯಲ್ಲಿದ್ದ ಹೂಡಿಯ ಟೆಕ್ ಪಾರ್ಕಿನೊಳಗಿನ ದೊಡ್ಡ ಕಂಪನಿಯೊಂದು, ಬಂದು ತೋರಿಸಿ ಎಂದಿತ್ತು. ಯಜಮಾನರು ಆ ಆರ್ಡರಿನ ಮೇಲೆ ಆಗಲೇ ಹೊಸ ಶೆಡ್ಡಿನ ಕನಸು ಕಟ್ಟಿದ್ದರು. ನಾನು ಇಸ್ತ್ರಿ ಅಂಗಿ ತೊಟ್ಟು ಬೈಕ್ ತಳ್ಳಿಕೊಂಡು ಹೊರಟೆ. ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು, ಎದುರಿಗೇ ಪುಟ್ಟಗಂಗಮ್ಮ. ಡೇರಿಗೆ ಹೋಗಿದ್ದವರು ಹಾಲಿನ ಗಾಡಿ ಬಾರದೆ ಖಾಲಿ ಕ್ಯಾನು ಹಿಡಿದು ವಾಪಸಾಗುತ್ತಿದ್ದರು. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವರು ನನ್ನನ್ನು ಕಂಡದ್ದೇ ಗಕ್ಕನೆ ನಿಂತು, ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು. ಒಂದು ಪ್ರಶ್ನೆಯೂ ಇಲ್ಲ. ಬಚಾವಾದೆ ಎಂದು ಖುಷಿಯಿಂದ ಹೋದೆ.

ಹೂಡಿಯಲ್ಲಿ ಎಂಟು ಜನ ಮೇಜಿನ ಸುತ್ತ ಕೂತಿದ್ದರು. ಪ್ರೊಜೆಕ್ಟರಿಗೆ ವೈರು ಸಿಕ್ಕಿಸಿದೆ. ಗೋಡೆಯ ಮೇಲೆ ಬರೀ ನೀಲಿ. ಚಿತ್ರವನ್ನು ಆಚೆ ಕಳಿಸಲು ಲ್ಯಾಪ್‌ಟಾಪಿನಲ್ಲಿ ಒಂದು ಕೀಲಿ ಇರುತ್ತದೆ, ಅದರ ಮೇಲೆ ಪುಟ್ಟ ಪರದೆಯ ಗುರುತು. ಒತ್ತಿದೆ. ನೀಲಿ. ಮತ್ತೆ ಒತ್ತಿದೆ. ಆರಿಸಿ ಹಚ್ಚಿದೆ, ವೈರು ಬಿಚ್ಚಿ ಊದಿದೆ, ಮನಸ್ಸಿನಲ್ಲಿ ಅಜ್ಜಿಯನ್ನೂ ಜಯಮ್ಮನನ್ನೂ ನೆನೆದೆ. ಕೊನೆಗೆ ಎಂಟು ಜನರೂ ನನ್ನ ಬೆನ್ನ ಹಿಂದೆ ಬಂದು ಲ್ಯಾಪ್‌ಟಾಪಿನೊಳಗೆ ಇಣುಕಿದರು. ಎರಡು ಚಿತ್ರ ನೋಡುವಷ್ಟರಲ್ಲಿ ಅವರ ಕತ್ತು ನೋಯತೊಡಗಿತು. "ಪರವಾಗಿಲ್ಲ, ಇನ್ನೊಂದು ದಿನ ನೋಡೋಣ ಬಿಡಿ" ಎಂದರು ಅವರ ಮುಖ್ಯಸ್ಥೆ, ಬಹಳ ಸೌಜನ್ಯದಿಂದ.

ಮಾರನೆಯ ದಿನ ನಾಗೇಶ ಹಾಜರಿ ಪಟ್ಟಿ ತೆರೆದು ನೋಡಿದ. ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಲ್ಲಾರ್ದೂ ತೆಗ್ದಿದ್ಯಲ್ಲೋ ಮಗಾ! ಇವನು ಆ ಕೀಲಿಗಳನ್ನ ನೋಡ್ಕೊಳೋನು ಕಣೋ. ಇವನನ್ನೂ ಮನೇಲಿ ಕೂರ್ಸಿದ್ರೆ ನೀನ್ ಒತ್ತಿದ್ದು ಯಾರಿಗ್ ಕೇಳ್ಸುತ್ತೆ?"

ನಾನೂ ನಕ್ಕೆ. ನಗಲಾಗದ ಸಂಗತಿ ಮನೆಯಲ್ಲಿ ಕಾದಿತ್ತು. ಡೆಮೊ ಕೆಟ್ಟದ್ದನ್ನು ಸುಮಾ ಪುಟ್ಟಗಂಗಮ್ಮನವರ ಹತ್ತಿರ ಮಾತಿಗೆ ಮಾತು ಬಂದು ಹೇಳಿದ್ದಳು. ಅಂದಿನಿಂದ ಬೆಳಗಿನ ಹೊತ್ತು ಚಪ್ಪಡಿ ಕಲ್ಲು ಖಾಲಿ. ನಾನು ಮೆಟ್ಟಿಲಿಳಿಯುವ ಸದ್ದಾದರೆ ಕೆಳಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಎರಡು ದಿನ ನಾನು ಅದನ್ನು ನನ್ನ ಜಯವೆಂದೇ ಭಾವಿಸಿ ರಾಜಾರೋಷವಾಗಿ ಕಿಕ್ ಹೊಡೆದೆ. ಮೂರನೆಯ ದಿನ ಸಂಜೆ ಸುಮಾ ಚಪಾತಿ ಲಟ್ಟಿಸುತ್ತ ಕೇಳಿದಳು.

"ರೀ, ಓನರಮ್ಮನಿಗೆ ಏನಾದ್ರೂ ಅಂದ್ರಾ?"

"ನಾನಾ? ಎಷ್ಟೋ ದಿನದಿಂದ ಮಾತೇ ಆಡಿಲ್ಲ."

"ಅವರು ಅಳ್ತಾ ಇದ್ರು. ನೀವು ಅವರ ಕಣ್ಣಿಗೆ ಬೀಳಬಾರ್ದು ಅಂತ ಗಾಡಿ ತಳ್ಕೊಂಡ್ ಹೋಗ್ತಿದ್ರಂತೆ. ಗಂಡ ಇಲ್ದೋಳು ಎದುರಿಗೆ ಬಂದ್ರೆ ಕೆಲ್ಸ ಆಗಲ್ಲ ಅಂತ ತಾನೆ ಅಂದ್ರು. ಅವತ್ತು ಖಾಲಿ ಕ್ಯಾನು ಹಿಡ್ಕೊಂಡು ಎದುರಿಗೆ ಬಂದ್ಬಿಟ್ರಂತೆ. ಹುಡುಗನ ಹೊಟ್ಟೆ ಮೇಲೆ ಹೊಡೆದ್ಬಿಟ್ಟೆ, ಓದಿದವನು, ಬಾಯಿಬಿಟ್ಟು ಹೇಳ್ಲಿಲ್ಲ ಅಂತ ಒಂದೇ ಸಮ."

ನಾನು ತಪ್ಪಿಸಿಕೊಂಡದ್ದು ನಲ್ಲಿ, ಗ್ಯಾಸು, ಬೀಗಗಳಿಂದ. ಅವರು ತಿಳಿದದ್ದು ಇನ್ನೇನನ್ನೋ. ತಿಳಿದದ್ದು ತಪ್ಪೆಂದು ಹೇಗೆ ಹೇಳಲಿ, ನಮ್ಮ ಕಡೆಯವರು ತಲೆತಲಾಂತರದಿಂದ ಅದನ್ನೇ ತಾನೆ ಮಾಡುತ್ತ ಬಂದಿರುವುದು? ಹಿತ್ತಲು ನೆನಪಾಯಿತು. ಪರೀಕ್ಷೆಯ ಬೆಳಗ್ಗೆ ಅಲ್ಲಿ ಸಾವಿತ್ರತ್ತೆಗೆ ಯಾವ ಕೆಲಸವೂ ಇರಲಿಲ್ಲ. ಹಿಂದಿನ ರಾತ್ರಿಯ ತನಕ ನನಗೆ ಲೆಕ್ಕ ಹೇಳಿಕೊಟ್ಟವಳು, ನನ್ನ ಅಂಕಗಳೆಲ್ಲ ಅವಳವೇ. ಗಂಡನನ್ನು ಕಳೆದುಕೊಂಡವಳಾದ್ದರಿಂದ, ಹೊರಡುವಾಗ ಮಾತ್ರ ಅವಳು ನಮ್ಮ ಎದುರಿಗಿರಬಾರದಿತ್ತು. ಯಾರೂ ಹೇಳದೆಯೇ ತಾನಾಗಿ ಎದ್ದು ಹೋಗುತ್ತಿದ್ದಳು. ಅದನ್ನು ನಾನು ಅಷ್ಟು ವರ್ಷ ಯೋಚಿಸಿಯೇ ಇರಲಿಲ್ಲವಲ್ಲ ಎಂದು ಬಹಳ ಸಂಕಟವಾಯಿತು.

ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದೆ. ಬಾಗಿಲು ತಟ್ಟಿ, ಹೆಚ್ಚುಕಡಿಮೆ ಕೈ ಹಿಡಿದೆಳೆದು ಪುಟ್ಟಗಂಗಮ್ಮನವರನ್ನು ಚಪ್ಪಡಿಯ ಮೇಲೆ ಕೂರಿಸಿದೆ.

"ಇದ್ಯಾಕಪ್ಪ ನಂಗೆ?"

"ಅವತ್ತು ಕೆಲ್ಸ ಯಾಕೆ ಕೆಡ್ತು ಅಂತ ತೋರಿಸ್ತೀನಮ್ಮ. ಈ ಕೀಲಿ ಒತ್ತಿ."

ಬೆಂಕಿ ಮುಟ್ಟುವವರಂತೆ ಬೆರಳು ತಾಗಿಸಿದರು. ಏನೂ ಆಗಲಿಲ್ಲ. ಹಾಜರಿ ಪಟ್ಟಿ ತೆರೆದು, ಖಾಲಿ ಚೌಕಗಳನ್ನು ತೋರಿಸಿ, ಒಂದೊಂದಕ್ಕೂ ಟಿಕ್ ಹಾಕಿ, ಯಂತ್ರವನ್ನು ಆರಿಸಿ ಹಚ್ಚಿದೆ. ಅದು ತನ್ನ ಹಳೆಯ ಗಾಂಭೀರ್ಯದಲ್ಲಿ ಏಳತೊಡಗಿತು.

"ಇದು ಎದ್ದೇಳೋದ್ರಾಗೆ ನಾನು ಎಲ್ಡು ಎಮ್ಮೆ ಕರ್ದಿರ್ತಿದ್ದೆ" ಎಂದರು. ಆಮೇಲೆ ಪರದೆಯನ್ನೇ ನೋಡುತ್ತ ಹೇಳಿದರು. "ನಮ್ಮಣ್ಣನ ಮಗಂಗೆ ಎಣ್ಣು ನೋಡಕ್ ಹೊಂಟಿದ್ರು. ನಾನೇ ಎತ್ತಾಡ್ಸಿದ್ ಮಗ. ನೋಡ್ಮ ಅಂತ ಬಾಗ್ಲಾಗ್ ನಿಂತಿದ್ದೆ. ಅತ್ತೆ, ವಸಿ ಒಳೀಕ್ಕೋಗು ಅಂದ. ಮೆತ್ತಗೇ ಅಂದ, ಪಾಪ. ಅವತ್ನಿಂದ ನಾನು ಯಾರ್ಗೂ ಎದುರು ನಿಂತಿಲ್ಲ. ನೀವು ಬಾಡ್ಗೆಯವ್ರು, ಬೇರೆ ಊರವ್ರು, ನಿಮ್ಗಿವೆಲ್ಲ ಇರಾಕಿಲ್ಲ ಅಂದ್ಕಂಡಿದ್ದೆ."

ಅಷ್ಟರಲ್ಲಿ ಯಂತ್ರ ಎದ್ದಿತು. ಸ್ವಾಗತದವನು, ಬ್ಯಾಟರಿಯವನು, ಹೆಸರು ಬರೆಸಿಕೊಳ್ಳುವವನು, ಎಲ್ಲರೂ ಒಬ್ಬರ ಹಿಂದೊಬ್ಬರು ಬಂದು ನಿಂತರು.

"ಇವ್ರೆಲ್ಲ ಯಾರು?"

"ಬೆಳಗ್ಗೆ ಹೊರಡೋವಾಗ ವಿಚಾರಿಸ್ಕೊಳೋರು ಅಮ್ಮ. ಈಗ ಒತ್ತಿ."

ಒತ್ತಿದರು. ಪರದೆಯ ನಡುವೆ ಎರಡು ಪುಟ್ಟ ಪರದೆಗಳ ಚಿತ್ರ ಮೂಡಿತು. ಕೈ ಹಿಂದಕ್ಕೆಳೆದುಕೊಂಡು, ಮತ್ತೆ ತಾವಾಗಿಯೇ ಒತ್ತಿದರು. ಮತ್ತೆ ಮೂಡಿತು.

"ಅಂಗಾರೆ ಅವತ್ತು..."

"ನೀವಲ್ಲಮ್ಮ. ಈ ಟಿಕ್ಕು."

"ಕ್ಯಾನೂ ಖಾಲಿ ಇತ್ತಲ್ಲಪ್ಪ."

"ಕ್ಯಾನೂ ಅಲ್ಲ."

"ಈ ಟಿಕ್ಕು ತೆಗ್ದಿದ್ ಯಾರು?"

"ನಾನೇ. ಹೊರಡೋವಾಗ ಅಡ್ಡ ಬರ್ತಾರೆ, ತಡ ಆಗುತ್ತೆ ಅಂತ."

ಅವರು ನನ್ನ ಮುಖ ನೋಡಿದರು. ನಾನು ಲ್ಯಾಪ್‌ಟಾಪ್ ನೋಡಿದೆ. ಬೈಕಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕೆಲವು ದಿನಗಳಲ್ಲಿ ಹೂಡಿಯವರು ಇನ್ನೊಮ್ಮೆ ಕರೆದರು. ಆ ಬೆಳಗ್ಗೆ ಬೀಗ ಹಾಕಿ ಇಳಿದು ನೋಡಿದರೆ ಕಲ್ಲು ಖಾಲಿ, ಬಾಗಿಲು ಮುಚ್ಚಿದೆ. ಟಿಕ್ಕಿನ ಪಾಠ ಪುಟ್ಟಗಂಗಮ್ಮನವರ ತಲೆಗೆ ಹೋಗಿತ್ತು, ಕಾಲಿಗೆ ಇಳಿದಿರಲಿಲ್ಲ. ಗೇಟಿನಲ್ಲಿ ನಿಂತು ಕೂಗಿದೆ.

"ಅಮ್ಮಾ, ಆಚೆ ಬನ್ನಿ."

"ಓಗ್ಬಿಟ್ ಬಾ ಕಣಪ್ಪ. ಆಮ್ಯಾಕೆ ಬತ್ತೀನಿ."

"ನೀವು ಬಂದು ಕೇಳೋವರ್ಗೂ ಗಾಡಿ ತೆಗಿಯಲ್ಲ."

"ಬ್ಯಾಡ ಸತೀಸ. ಯಾಕೆ ಅಟ?"

ನಿಂತೇ ಇದ್ದೆ. ಬೇಕರಿಯವನೂ ಬಂದು ನಿಂತು ನೋಡಿದ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನನ್ನ ಎದುರಿಗೆ, ಆದರೆ ನೆಲ ನೋಡುತ್ತ ನಿಂತರು.

"ಗ್ಯಾಸ್ ಆಪ್ ಮಾಡಿದ್ಯಾ?" ದನಿ ಕಿವಿಗೆ ಬೀಳುವಷ್ಟೂ ಇರಲಿಲ್ಲ.

"ಮಾಡಿದೀನಮ್ಮ."

"ನಲ್ಲಿ?"

"ನಿಲ್ಸಿದೀನಿ."

"ದೂರಾನಾ?"

"ಹೂಡಿಗಮ್ಮ" ಎಂದು ಹೇಳಿ ಕಿಕ್ ಹೊಡೆದೆ.

ಚಿತ್ರ ಗೋಡೆಯ ಮೇಲೆ ಲಕ್ಷಣವಾಗಿ ಬಂತು. ಎಂಟು ಜನರೂ ಕತ್ತು ನೋಯಿಸಿಕೊಳ್ಳದೆ ನೋಡಿದರು, ಒಳ್ಳೊಳ್ಳೆ ಪ್ರಶ್ನೆ ಕೇಳಿದರು, ಟೀ ಕೊಟ್ಟರು. ಆಮೇಲೆ ಅವರ ಮುಖ್ಯಸ್ಥೆ, ತುಂಬ ಚೆನ್ನಾಗಿದೆ, ಆದರೆ ಈ ವರ್ಷ ಏನನ್ನೂ ಕೊಳ್ಳಬಾರದೆಂದು ನಿನ್ನೆಯೇ ಮೇಲಿನವರಿಂದ ಆದೇಶ ಬಂದಿದೆ ಎಂದರು.

ರಿಂಗ್ ರೋಡಿನಲ್ಲಿ ಬರುವಾಗ ನನಗೆ ಯಜಮಾನರ ಶೆಡ್ಡಿನ ಯೋಚನೆ ಬರಲೇ ಇಲ್ಲ. ಆ ಹೆಂಗಸನ್ನು ಹಟ ಮಾಡಿ ಎದುರಿಗೆ ನಿಲ್ಲಿಸಿಕೊಂಡು ಹೋಗಿದ್ದೇನೆ, ಈಗ ಏನು ಹೇಳಲಿ ಎನ್ನುವುದೊಂದೇ ಭಯ. ಆಯಿತು ಎಂದುಬಿಡೋಣವೆಂದು ಗೊರಗುಂಟೆಪಾಳ್ಯದ ತನಕ ನಿರ್ಧರಿಸಿದ್ದೆ. ಆದರೆ ಒಂದು ಸುಳ್ಳಿನಿಂದ ಅವರು ಒಳ್ಳೆಯ ಶಕುನವಾದರೆ ಮುಂದಿನ ಸೋಲಿಗೆ ಮತ್ತೆ ಕೆಟ್ಟದ್ದಾಗಬೇಕಲ್ಲ? ದಾಸರಹಳ್ಳಿ ದಾಟುವಾಗ ಮನಸ್ಸು ಬದಲಾಯಿತು. ಬೈಕನ್ನು ಜೋರಾಗಿ ಸದ್ದು ಮಾಡಿಕೊಂಡೇ ಗೇಟಿನ ತನಕ ತಂದೆ.

ಪುಟ್ಟಗಂಗಮ್ಮ ಕಲ್ಲಿನ ಮೇಲಿದ್ದರು. ಮಡಿಲಲ್ಲಿ ಅವರೆಕಾಯಿ.

"ಆಯ್ತಾ ಮಗಾ?"

"ಇಲ್ಲಮ್ಮ. ಆಗ್ಲಿಲ್ಲ."

ಸುಲಿಯುತ್ತಿದ್ದ ಕೈ ನಿಂತಿತು. ನಾನು ಹೆಲ್ಮೆಟ್ಟನ್ನೂ ತೆಗೆಯದೆ ನಿಂತಿದ್ದೆ. ಅವರು ಕೈಯಲ್ಲಿದ್ದ ಕಾಯನ್ನು ನೋಡಿದರು, ನನ್ನ ಹೆಗಲ ಮೇಲಿದ್ದ ಲ್ಯಾಪ್‌ಟಾಪಿನ ಬ್ಯಾಗನ್ನು ನೋಡಿದರು.

"ಇನ್ಯಾವ್ ಟಿಕ್ಕು ತೆಗ್ದಿದ್ದೀಯೋ ಏನೋ, ಒಳೀಕ್ಕೋಗಿ ಸರಿಯಾಗ್ ನೋಡು" ಎಂದು ಮತ್ತೆ ಅವರೆಕಾಯಿ ಸುಲಿಯತೊಡಗಿದರು.